ಚಳ್ಳಕೆರೆ–ಮೊಳಕಾಲ್ಮುರು: ಕುಡಿಯುವ ನೀರಿನ ಪೂರೈಕೆ

ಚಿತ್ರದುರ್ಗ ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಅಂಚಿನಲ್ಲಿ, ಆಂಧ್ರಪ್ರದೇಶದ ಗಡಿಗೆ ತಾಗಿಕೊಂಡಿರುವ ಎರಡು ತಾಲ್ಲೂಕುಗಳು ಚಳ್ಳಕೆರೆ ಮತ್ತು ಮೊಳಕಾಲ್ಮುರು. ಚಳ್ಳಕೆರೆ ನಗರಸಭೆಯ ಊರು. 2011ರ ಜನಗಣತಿಯಲ್ಲಿ ಜನಸಂಖ್ಯೆ 55,194. ಶೇಂಗಾ ಗಾಣಗಳಿಂದ ಎಣ್ಣೆ ನಗರ ಎಂಬ ಹೆಸರು ಪಡೆದದ್ದು. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮುರು ಅದಕ್ಕಿಂತ ಬಹಳ ಚಿಕ್ಕದು, ಪಟ್ಟಣ ಪಂಚಾಯಿತಿಯ ಊರು. ಚಳ್ಳಕೆರೆ ತಾಲ್ಲೂಕಿನ ತಳಕು, ನಾಯಕನಹಟ್ಟಿ ಹೋಬಳಿಗಳು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ನೀರಿನ ರಾಜಕಾರಣದಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಮಳೆ ನೆರಳಿನ ಈ ಪ್ರದೇಶ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಣಗಳಲ್ಲೊಂದು. ವರ್ಷದ ಸರಾಸರಿ 500 ಮಿ.ಮೀ. ಆಸುಪಾಸು, ಚಳ್ಳಕೆರೆಯಲ್ಲಿ ಅದಕ್ಕೂ ಕಡಿಮೆ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸುರಿಯುವಂಥದ್ದು. ಇಲ್ಲಿನ ನೀರಿನ ಕಥೆಯನ್ನು ಬರೆಯುವವರೆಲ್ಲ ಈ ಮಳೆಯ ಲೆಕ್ಕದಿಂದ ಹೊರಟು, ‘ನೀರೇ ಇಲ್ಲದ ಸೀಮೆ’ ಎಂಬಲ್ಲಿಗೆ ಮುಟ್ಟುತ್ತಾರೆ. ಬೇಸಾಯದ ಮಟ್ಟಿಗೆ ಆ ಮಾತು ಸರಿ. ಕುಡಿಯುವ ನೀರಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಕುಡಿಯಲು ಬೇಕಾದ ಪಾಲು ಎಷ್ಟು ಚಿಕ್ಕದೆಂದರೆ, ಅದನ್ನು ಉಳಿದ ಬಳಕೆಗಳಿಂದ ಬೇರ್ಪಡಿಸಿ ಕಾದಿಟ್ಟಿದ್ದರೆ ಈ ಎರಡು ಊರುಗಳು ಬೇಸಿಗೆಯಲ್ಲಿ ಟ್ಯಾಂಕರ್ ಹಾದಿ ಕಾಯಬೇಕಾಗಿರಲಿಲ್ಲ ಎಂಬುದನ್ನು ಈ ಲೇಖನ ಲೆಕ್ಕವಿಟ್ಟು ನೋಡುತ್ತದೆ.

ಲೆಕ್ಕ ಸರಳ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಒಳಚರಂಡಿ ಇರುವ ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಉದಾರ ಮಾನದಂಡ ಹಿಡಿದರೂ 2011ರ ಚಳ್ಳಕೆರೆಗೆ ಬೇಕಾದದ್ದು ದಿನಕ್ಕೆ ಸುಮಾರು 75 ಲಕ್ಷ ಲೀಟರ್. ವರ್ಷಕ್ಕೆ 272 ಕೋಟಿ ಲೀಟರ್. ಅಂದರೆ ಒಂದು ಟಿಎಂಸಿಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಊರು ಬೆಳೆದು ಲಕ್ಷ ಜನ ಆದರೂ 0.18 ಟಿಎಂಸಿ ದಾಟುವುದಿಲ್ಲ. ಎರಡೂ ತಾಲ್ಲೂಕುಗಳ ಪಟ್ಟಣ, ಹಳ್ಳಿ, ಹಟ್ಟಿ ಎಲ್ಲ ಸೇರಿ ಸುಮಾರು 5 ಲಕ್ಷ ಜನ ಎಂದುಕೊಂಡು, ಜಲ ಜೀವನ್ ಮಿಷನ್‌ನ ತಲಾ 55 ಲೀಟರ್ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಸಾವಿರ ಕೋಟಿ ಲೀಟರ್, ಒಂದು ಟಿಎಂಸಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಈ ಮಾನದಂಡಗಳು ಜಾನುವಾರುಗಳನ್ನು ಎಣಿಸುವುದಿಲ್ಲ. ಕುರಿ ಸಾಕಣೆಯೇ ಬದುಕಾಗಿರುವ ಸೀಮೆಯಲ್ಲಿ ಅದು ಸಣ್ಣ ಲೋಪವಲ್ಲ. ಆದರೂ ಕುರಿಗೆ ದಿನಕ್ಕೆ ಐದು ಲೀಟರ್‌ನಂತೆ ಲಕ್ಷ ಕುರಿಗೆ ವರ್ಷವಿಡೀ ಕುಡಿಸಿದರೆ ಖರ್ಚಾಗುವುದು 18 ಕೋಟಿ ಲೀಟರ್ ಮಾತ್ರ. ಇದನ್ನೇ ಬೆಳೆಯ ಅಳತೆಯಲ್ಲಿ ಇಟ್ಟು ನೋಡಬಹುದು. ಒಂದು ಹಂಗಾಮಿಗೆ 500 ಮಿ.ಮೀ. ನೀರು ಕುಡಿಯುವ ಬೆಳೆಯ ಒಂದು ಎಕರೆಗೆ 20 ಲಕ್ಷ ಲೀಟರ್ ಹರಿಸಬೇಕು. ನೂರು ಜನರಿಗೆ, ತಲಾ 55 ಲೀಟರ್‌ನಂತೆ, ಒಂದು ವರ್ಷಕ್ಕೆ ಬೇಕಾದ ನೀರೂ ಅಷ್ಟೇ. ಹಾಗಾಗಿ ಎರಡೂ ತಾಲ್ಲೂಕಿನ ಅಷ್ಟೂ ಜನರ ಕುಡಿಯುವ ನೀರು ಐದು ಸಾವಿರ ಎಕರೆ ನೀರಾವರಿಗೆ ಸಮ. ತಾಲ್ಲೂಕುಗಳ ಒಟ್ಟು ವಿಸ್ತೀರ್ಣ ಆರೂವರೆ ಲಕ್ಷ ಎಕರೆಗೂ ಹೆಚ್ಚು.

ಈ ಅಳತೆಯನ್ನು ಪಕ್ಕದ ವಾಣಿವಿಲಾಸ ಸಾಗರದ ಮುಂದೆ ಹಿಡಿದರೆ ಚಿತ್ರ ಇನ್ನೂ ನಿಚ್ಚಳವಾಗುತ್ತದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಮೈಸೂರು ಸಂಸ್ಥಾನ ಕಟ್ಟಿದ ಈ ಅಣೆಕಟ್ಟೆಗೆ ಕೆಂಪನಂಜಮ್ಮಣ್ಣಿಯವರ ‘ವಾಣಿವಿಲಾಸ ಸನ್ನಿಧಾನ’ ಎಂಬ ಬಿರುದಿನ ಹೆಸರಿಟ್ಟರು. ಸಾಮರ್ಥ್ಯ 30.42 ಟಿಎಂಸಿ, ಪೂರ್ಣ ಮಟ್ಟ 130 ಅಡಿ. ಹೆಚ್ಚು ನೀರು ಬಂದರೆ ಕೋಡಿಯ ಮೇಲೆ ತಾನಾಗಿ ಹರಿದುಹೋಗಬೇಕು. ಹಾಗೆ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾಯಿಸಿ 2022ರ ಸೆಪ್ಟೆಂಬರ್‌ನಲ್ಲಿ. ಮತ್ತೆ 2025ರ ಜನವರಿಯಲ್ಲಿ. ಮೊದಲೆರಡು ತುಂಬುಗಳ ನಡುವಿನ ದಶಕಗಳಲ್ಲಿ ಜಲಾಶಯ ಬಹುತೇಕ ಅರೆಹೊಟ್ಟೆಯಲ್ಲೇ ಇತ್ತು, 2017ರ ಸುಮಾರಿಗೆ ನಾಲೆಗೆ ಹರಿಸಲಾಗದ ತಳದ ನೀರಿನ, ಅಂದರೆ ಡೆಡ್ ಸ್ಟೋರೇಜ್ ಮಟ್ಟದ ಹತ್ತಿರ ಇಳಿದಿತ್ತು. ಚಳ್ಳಕೆರೆ ನಗರಕ್ಕೆ ಕುಡಿಯುವ ನೀರು ಬರುವುದು ಇಲ್ಲಿಂದಲೇ, ಐವತ್ತು ಕಿ.ಮೀ.ಗೂ ಮೀರಿದ ಪೈಪ್‌ಲೈನಿನಲ್ಲಿ. ಚಿತ್ರದುರ್ಗ ಮತ್ತು ಹಿರಿಯೂರು ಕೂಡ ಇದೇ ನೀರಿಗೆ ಪಾಲುದಾರರು. ಜಲಾಶಯ ತುಂಬಿದಾಗ ಅದರ ನೀರಿನ ಹರವು 80 ಚದರ ಕಿ.ಮೀ. ಎಂದು ಹಿಡಿದರೂ ಮೇಲ್ಮೈಯಿಂದ ಮೂರೂವರೆ ಸೆಂಟಿಮೀಟರ್ ನೀರು ಆವಿಯಾದರೆ ಚಳ್ಳಕೆರೆ ನಗರದ ಇಡೀ ವರ್ಷದ ಪಾಲಿನಷ್ಟಾಯಿತು. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಅಷ್ಟು ಆರಲು ಒಂದು ವಾರ ಸಾಕು. ಡೆಡ್ ಸ್ಟೋರೇಜ್ ಹತ್ತಿರ ಇಳಿದ ವರ್ಷದಲ್ಲೂ ಊರಿನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರೆ ಕುಡಿಯುವ ನೀರಿಗೆ ತತ್ವಾರ ಬರುತ್ತಿರಲಿಲ್ಲ. ತೆಗೆದಿಡಲು ಬೇಕಾದದ್ದು ನೀರಲ್ಲ, ಒಂದು ಅಲಿಖಿತ ಒಪ್ಪಂದವನ್ನು ಲಿಖಿತಕ್ಕೆ ಇಳಿಸುವ ಧೈರ್ಯ: ಇಂಥ ಮಟ್ಟಕ್ಕೆ ಇಳಿದ ಮೇಲೆ ನಾಲೆ ಬಂದ್, ನಲ್ಲಿ ಮಾತ್ರ ಎಂಬುದು.

ಧೈರ್ಯ ಎಂಬ ಮಾತನ್ನು ಸುಮ್ಮನೆ ಆಡಿದ್ದಲ್ಲ. 2020ರ ಬೇಸಿಗೆಯಲ್ಲಿ ವಾಣಿವಿಲಾಸ ಸಾಗರದಿಂದ 0.25 ಟಿಎಂಸಿ ನೀರನ್ನು ವೇದಾವತಿಯ ಪಾತ್ರದಲ್ಲಿ ಚಳ್ಳಕೆರೆ ತಾಲ್ಲೂಕಿನ ಕಡೆಗೆ ಹರಿಸುವ ತೀರ್ಮಾನವಾದಾಗ ಹಿರಿಯೂರಿನಲ್ಲಿ ವಿರೋಧ ಎದ್ದಿತು. ಅಚ್ಚುಕಟ್ಟಿನ ರೈತರ ಆತಂಕ ಅರ್ಥವಾಗುವಂಥದ್ದೇ; ಹತ್ತಾರು ವರ್ಷ ಖಾಲಿ ಜಲಾಶಯವನ್ನು ಕಣ್ಣಾರೆ ಕಂಡವರು ಅವರು. ಆದರೆ ಜಗಳ ನಡೆದದ್ದು 708 ಕೋಟಿ ಲೀಟರಿಗೆ, ಜಲಾಶಯದ ಸಾಮರ್ಥ್ಯದ ನೂರಕ್ಕೆ ಒಂದು ಪಾಲೂ ಇಲ್ಲದ ನೀರಿಗೆ. ಅದೇ ನೀರು ಚಳ್ಳಕೆರೆ ನಗರಕ್ಕೆ ಎರಡೂವರೆ ವರ್ಷ ಬರುವಷ್ಟು. ನದಿಯಲ್ಲಿ ಬಿಟ್ಟ ನೀರನ್ನು ಮರಳು ಹೀರಿತು, ವ್ಯರ್ಥವಾಯಿತು ಎಂದು ಆಗ ವಾದಿಸಿದವರಿದ್ದರು. ಪರಶುರಾಂಪುರ ಹೋಬಳಿಯ ಚೌಳೂರು ಬ್ಯಾರೇಜಿನಂಥ ಕಟ್ಟೆಗಳಿರುವುದೇ ಹಾಗೆ ಹೀರಿಸಲಿಕ್ಕೆ. ವೇದಾವತಿ ಇಲ್ಲಿಂದ ಮುಂದೆ ಆಂಧ್ರಕ್ಕೆ ಹೋಗಿ, ಭೈರವಾನಿತಿಪ್ಪ ಜಲಾಶಯ ದಾಟಿ, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಮರಳುತ್ತದೆ. ಬಹುಪಾಲು ವರ್ಷಗಳಲ್ಲಿ ಮರಳ ಹೊಳೆಯಾಗಿರುವ ಅದಕ್ಕೆ ನೀರಿನ ಉಗ್ರಾಣ ಎಂದರೆ ಆ ಮರಳೇ. ದಡದ ಹಳ್ಳಿಗಳ ತೆರೆದ ಬಾವಿ, ಬೋರುಗಳಿಗೆ ನೀರು ಏರುವುದು ಮರಳು ತೊಯ್ದಾಗ. ಆ ಮರಳನ್ನೇ ಲಾರಿಗಟ್ಟಲೆ ಎತ್ತಿದ ಮೇಲೆ ಹೊಳೆ ಬರೀ ಬಂಡೆಯ ಕಾಲುವೆಯಾಗುತ್ತದೆ, ಬಿಟ್ಟ ನೀರು ನಿಲ್ಲದೆ ಗಡಿ ದಾಟುತ್ತದೆ. ಕುಡಿಯುವ ನೀರಿನ ಚರ್ಚೆಯಲ್ಲಿ ಮರಳಿನ ವಿಚಾರ ಬರುವುದು ಅಪರೂಪ. ಅದು ಗಣಿ ಇಲಾಖೆಯ ಕಡತದಲ್ಲಿರುತ್ತದೆ, ನೀರು ಇನ್ನೊಂದು ಇಲಾಖೆಯದ್ದು.

ಕುಡಿಯುವ ಪಾಲನ್ನು ಬೇರ್ಪಡಿಸಿ ಕಾದಿಡಬಹುದು ಎಂಬ ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪಣೆ ಮಳೆಯದ್ದು: 450 ಮಿ.ಮೀ. ಬೀಳುವ ಕಡೆ ಸ್ಥಳೀಯ ಮೂಲ ಎಂಬ ಮಾತಿಗೇ ಅರ್ಥವಿಲ್ಲ, ಹೊರಗಿನ ನದಿ ತರುವುದೊಂದೇ ದಾರಿ ಎಂಬುದು. ಚಳ್ಳಕೆರೆ ತಾಲ್ಲೂಕಿನ ವಿಸ್ತೀರ್ಣ ಸುಮಾರು 2,000 ಚದರ ಕಿ.ಮೀ. ಅದರ ಮೇಲೆ 450 ಮಿ.ಮೀ. ಬಿದ್ದರೆ 90 ಕೋಟಿ ಘನ ಮೀಟರ್, ಸುಮಾರು 32 ಟಿಎಂಸಿ. ಮಾರಿಕಣಿವೆ ಪೂರ್ತಿ ತುಂಬಿದಷ್ಟು ನೀರು ಪ್ರತಿ ಸಾಧಾರಣ ವರ್ಷ ಒಂದೇ ತಾಲ್ಲೂಕಿನ ಮೇಲೆ ಸುರಿಯುತ್ತದೆ. ಬಹುಪಾಲು ಬೆಳೆ ಹೀರುತ್ತದೆ, ಬಿಸಿಲು ಆರಿಸುತ್ತದೆ, ನಿಜ. ನೂರಕ್ಕೆ ಐದು ಪಾಲು ನೆಲಕ್ಕೆ ಇಂಗಿದರೂ ಒಂದೂವರೆ ಟಿಎಂಸಿ. ಎರಡೂ ತಾಲ್ಲೂಕಿನ ಜನರ ಅಗತ್ಯದ ನಾಲ್ಕು ಪಟ್ಟು. ಹಿಂದಿನವರು ಈ ಲೆಕ್ಕ ಬರೆದಿಡಲಿಲ್ಲ, ಕಟ್ಟಿ ತೋರಿಸಿದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಸುತ್ತಲ ಕೆರೆಗಳನ್ನು ಕಟ್ಟಿಸಿದವರೆಂದೇ ಜನಮನದಲ್ಲಿ ಉಳಿದವರು. ಕೆರೆ ಕೆಲಸ ಮಾಡಿದವರಿಗೆ ಅವರು ಕೂಲಿ ಕೊಟ್ಟ ಬಗೆಯ ಕಥೆಗಳು ಇಂದಿಗೂ ಫಾಲ್ಗುಣದ ಜಾತ್ರೆಯಲ್ಲಿ ಕೇಳಸಿಗುತ್ತವೆ. ರಾಣಿಕೆರೆಯಂಥ ದೊಡ್ಡ ಕೆರೆ, ಮೊಳಕಾಲ್ಮುರು ಕಡೆ ದೇವಸಮುದ್ರದ ಕೆರೆ, ಕಾವಲುಗಳ ಒಳಗೆ ದನ–ಕುರಿಗೆಂದು ತೋಡಿದ ಗೋಕಟ್ಟೆಗಳು, ಎಲ್ಲವೂ ಎರಡು–ಮೂರು ವರ್ಷಕ್ಕೊಮ್ಮೆ ಬರುವ ಒಂದು ಜೋರು ಮಳೆಯನ್ನು ಹಿಡಿದಿಡಲು ಅಳೆದು ಮಾಡಿದವು.

ಇಂದು ಇಂಥ ಒಂದು ಕೆರೆಯ ಏರಿ ಹತ್ತಿ ನಿಂತರೆ ಕಾಣುವುದೇನು? ಅಂಗಳದ ತುಂಬ ಬಳ್ಳಾರಿ ಜಾಲಿ, ಮಧ್ಯೆ ಮಧ್ಯೆ ಹೂಳು ಎತ್ತಿದ ಚೌಕ ಗುಂಡಿಗಳು, ತೂಬಿನ ಬಾಯಿಗೆ ಒಣಗಿದ ಕೆಸರು, ಏರಿಯ ಕೆಳಗೆ ಹತ್ತಿಪ್ಪತ್ತು ಮಾರಿಗೊಂದರಂತೆ ಬೋರಿನ ಕೇಸಿಂಗ್ ಪೈಪು. ಕೆಲವಕ್ಕೆ ಮೋಟಾರಿದೆ, ಹಲವಕ್ಕೆ ಬಾಯಿಗೆ ಚಪ್ಪಡಿ ಮುಚ್ಚಿದೆ. ಕೆರೆಗೆ ನೀರು ತರುತ್ತಿದ್ದ ಹಳ್ಳಗಳ ಮೇಲೆ ಒಂದರ ಹಿಂದೆ ಒಂದು ಚೆಕ್‌ ಡ್ಯಾಂ ಬಂದಿರುವುದರಿಂದ ಸಾಧಾರಣ ಮಳೆಗೆ ಕೆರೆಗೆ ನೀರೇ ಮುಟ್ಟುವುದಿಲ್ಲ ಎಂಬುದು ಊರವರ ದೂರು. ಚೆಕ್‌ ಡ್ಯಾಂ ನೀರೂ ಇಂಗುವುದು ನೆಲಕ್ಕೇ, ನಷ್ಟವೇನು ಎನ್ನಬಹುದು. ನಷ್ಟ ಪಾಲಿನದ್ದು: ಕೆರೆಯ ನೀರು ಊರಿನದ್ದಾಗಿತ್ತು, ನೀರಗಂಟಿ ತೂಬು ಎತ್ತುವಾಗ ನಾಲ್ಕು ಜನ ನೋಡುತ್ತಿದ್ದರು. ನೆಲದೊಳಗೆ ಇಂಗಿದ ನೀರು ಯಾರ ಬೋರು ಆಳವೋ ಅವರದ್ದು.

ಅಂತರ್ಜಲದ ವಿಷಯಕ್ಕೆ ಬಂದರೆ ಪರಿಸ್ಥಿತಿ ನಿಜಕ್ಕೂ ಕೆಟ್ಟಿದೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಚಳ್ಳಕೆರೆ ಅತಿಬಳಕೆಯ ತಾಲ್ಲೂಕು. ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ನೆಲ ಗ್ರಾನೈಟ್ ಮತ್ತು ನೈಸ್ ಬಂಡೆಯದ್ದು. ಮೇಲಿನ ಶಿಥಿಲ ಪದರದ ಕೆಳಗೆ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಮೊಳಕಾಲ್ಮುರು ಸುತ್ತ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಗುಡ್ಡಗಳ ಗುಂಡುಗಳನ್ನು ನೋಡಿದರೆ ಈ ನೆಲದ ಒಳಗೆ ಏನಿದೆ ಎಂಬುದು ಹೊರಗೇ ತಿಳಿಯುತ್ತದೆ. ಬಿರುಕಿನ ನೀರು ಮುಗಿದ ಹಾಗೆ ಬೋರು ಇಳಿಯಿತು. 200 ಅಡಿಯಲ್ಲಿ ಸಿಗುತ್ತಿದ್ದದ್ದಕ್ಕೆ 600, 800 ಅಡಿ ಕೊರೆಯಬೇಕಾಯಿತು. ಆಳ ಹೋದಷ್ಟು ನೀರು ಹಳೆಯದು, ಬಂಡೆಯೊಂದಿಗೆ ಹೆಚ್ಚು ಕಾಲ ಕೂಡಿದ್ದು, ಅದರಿಂದ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಈ ಎರಡು ತಾಲ್ಲೂಕು, ಪಕ್ಕದ ಹಿರಿಯೂರು, ಪಾವಗಡಗಳ ಎಷ್ಟೋ ಹಳ್ಳಿಗಳ ಬೋರುಗಳಲ್ಲಿ ಅದು ಮಿತಿ ದಾಟಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ, ವಯಸ್ಸಾದವರ ಬಗ್ಗದ ಬೆನ್ನು ಮತ್ತು ಮಂಡಿ ಅದರ ಫಲ.

ಎರಡನೆಯ ಆಕ್ಷೇಪಣೆ ಇಲ್ಲಿಂದಲೇ ಹುಟ್ಟುತ್ತದೆ: ವಿಷ ಬೆರೆತ ನೀರನ್ನು ಸ್ಥಳೀಯ ಮೂಲ ಎಂದು ಹೊಗಳುವುದೇಕೆ, ಅದನ್ನು ಮರೆತು ನದಿ ನೀರಿಗೆ ಬದಲಾಗುವುದೇ ಒಳ್ಳೆಯದಲ್ಲವೆ? ವಾದದಲ್ಲಿ ಹುರುಳಿದೆ. ನದಿ ನೀರು ಬಂದ ಹಳ್ಳಿಯಲ್ಲಿ ಫ್ಲೋರೈಡ್ ಸಮಸ್ಯೆ ತಗ್ಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ವಿಷಯ ಮರೆಯಬಾರದು. ಒಂದು, ಫ್ಲೋರೈಡ್ ಇಲ್ಲಿನ ಎಲ್ಲ ನೀರಿನ ಹುಟ್ಟುಗುಣವಲ್ಲ. ಹೆಚ್ಚಾಗಿ ಆಳದ ನೀರಿನದ್ದು. ಕೆರೆ ತುಂಬಿದ ವರ್ಷ ಅದರ ಕೆಳಗಿನ ತೆರೆದ ಬಾವಿಯ ಹೊಸ ನೀರಿಗೂ 800 ಅಡಿಯ ಬೋರಿನ ನೀರಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ನಾವು ಆಳಕ್ಕೆ ಇಳಿದು ಅದನ್ನು ಮೇಲಕ್ಕೆ ತಂದೆವು. ಎರಡು, ಸದ್ಯಕ್ಕೆ ಸಿಕ್ಕ ಪರಿಹಾರ, ಅಂದರೆ ಹಳ್ಳಿ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ, ಆಳದ ಬೋರನ್ನೇ ನಂಬಿದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಅದರ ಜತೆ ಆರ್‌ಒ ಯಂತ್ರ ಹೊರಗೆ ತಳ್ಳುವ ಉಪ್ಪು–ಫ್ಲೋರೈಡಿನ ನೀರು ಚರಂಡಿ ಸೇರಿ ಮತ್ತೆ ಅದೇ ನೆಲಕ್ಕೆ ಇಳಿಯುತ್ತದೆ. ಮೆಂಬ್ರೇನ್ ಹಾಳಾದರೆ, ಬೋರು ಬತ್ತಿದರೆ ಘಟಕಕ್ಕೆ ಬೀಗ. ಹಣವಿದ್ದವರು ಕ್ಯಾನ್ ನೀರು ತರಿಸುತ್ತಾರೆ, ಇಲ್ಲದವರು ಹಳೆ ತೊಂಬೆಯ ನೀರಿಗೇ ಮರಳುತ್ತಾರೆ.

ಹಾಗಾದರೆ ಇರುವ ಅಂತರ್ಜಲದಲ್ಲಿ ಕುಡಿಯುವ ಪಾಲನ್ನು ಕಾಯಲು ಕಾನೂನೇ ಇಲ್ಲವೆ? ಇದೆ, ಹಳೆಯದೇ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು ಕರ್ನಾಟಕ 1999ರಲ್ಲಿ ಮಾಡಿದ ಅಂತರ್ಜಲ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರು ತೆಗೆಯುವಂತಿಲ್ಲ. 2011ರಲ್ಲಿ ಅಂತರ್ಜಲದ ಒಟ್ಟು ನಿಯಂತ್ರಣಕ್ಕೆ ಇನ್ನೊಂದು ಕಾಯ್ದೆ ಬಂತು. ಊರ ಬೋರಿನ ಪಕ್ಕದಲ್ಲೇ ಖಾಸಗಿ ಬೋರು ಇಳಿದಾಗ ಪಂಚಾಯಿತಿ ಈ ಕಾಯ್ದೆ ಎತ್ತಿಕೊಳ್ಳುವುದು ವಿರಳ. ಬೋರು ಕೊರೆಸಿದವರು ಅದೇ ಊರಿನವರು, ಸಾಲ ಮಾಡಿದವರು. 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಹಾಗಾಗಿ ಎತ್ತುವವರಿಗೆ ನೀರಿನ ಬೆಲೆ ಬೋರಿನ ಸಾಲವೊಂದೇ. ಶೇಂಗಾ ಇಲ್ಲಿನ ಮಳೆಯಾಶ್ರಿತ ಬೆಳೆ. ಬೋರಿಗೆ ನೀರು ಬಿದ್ದೊಡನೆ ರೈತ ಈರುಳ್ಳಿ, ದಾಳಿಂಬೆ, ಅಡಿಕೆಯ ಕಡೆ ತಿರುಗಿದ. ಬರದ ಮೇಲೆ ಬರ ಕಂಡವನಿಗೆ ಅದು ಅತಿಯಾಸೆಯೇನಲ್ಲ.

ಮೂರನೆಯ ಆಕ್ಷೇಪಣೆ ಇದೇ: ಕುಡಿಯುವ ಪಾಲು ಬೇರೆ ಎಂದರೆ ಮೊದಲ ಕೊಡಲಿ ರೈತನ ಮೇಲೆ ಬೀಳುವುದಿಲ್ಲವೆ? ಅಳತೆ ನೋಡಿದರೆ ಬೀಳಬೇಕಿಲ್ಲ. ಎಲ್ಲ ಜನರ ನೀರೂ ಸೇರಿ ಐದು ಸಾವಿರ ಎಕರೆಯ ನೀರಷ್ಟೆ. ಅದೂ ಒಂದೇ ಕಡೆ ತೆಗೆಯುವುದಲ್ಲ, ಊರಿಗೆ ಎರಡು ಬೋರು, ಅವುಗಳ ಸುತ್ತ 500 ಮೀಟರ್. ಆ ಸುತ್ತಿನ ಹೊಲದವರಿಗೆ ಬೆಳೆ ಬದಲಿಸಲು, ಹನಿ ನೀರಾವರಿಗೆ ಪರಿಹಾರ ಕೊಟ್ಟರೆ ಆಗುವ ಖರ್ಚು ನೂರಾರು ಕಿ.ಮೀ. ಪೈಪ್ ಹೂಳುವ ಖರ್ಚಿನ ಮುಂದೆ ಲೆಕ್ಕಕ್ಕೆ ಸಿಗದು. ರೈತನಿಗೆ ನಿಜವಾಗಿ ಅಪಾಯ ಇರುವುದು ಪಾಲು ನಿಗದಿಯಾಗದಿರುವಾಗ: ಬರ ಬಂದೊಡನೆ ಜಿಲ್ಲಾಡಳಿತ ಖಾಸಗಿ ಬೋರುಗಳನ್ನು ಬಾಡಿಗೆಗೆ ಹಿಡಿಯುತ್ತದೆ, ನಿಂತ ಬೆಳೆ ಒಣಗುತ್ತದೆ.

ಈಗ ದೂರದ ನದಿಗಳು. ಮೊಳಕಾಲ್ಮುರು ಪಟ್ಟಣ ಚಿನ್ನಹಗರಿಗೆ ಕಟ್ಟಿದ ರಂಗಯ್ಯನದುರ್ಗ ಜಲಾಶಯವನ್ನು ನಂಬಿದ್ದು. ಆ ಹೊಳೆ ವೇದಾವತಿಗಿಂತಲೂ ಚಂಚಲ. ಆದ್ದರಿಂದ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆಯನ್ನು ಇಲ್ಲಿನವರು ಕಾದದ್ದು ಸಹಜ. ಹೊಸಪೇಟೆ ಜಲಾಶಯದ ಹಿನ್ನೀರಿನಿಂದ ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆ ಹಾದು ಪಾವಗಡದವರೆಗೆ ನೀರು ಒಯ್ಯುವ, ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆ ಅದು. 2025ರ ಜುಲೈನಲ್ಲಿ ಪಾವಗಡದಲ್ಲಿ ಉದ್ಘಾಟನೆಯಾಯಿತು. ಫ್ಲೋರೈಡ್ ಪೀಡಿತ ಹಳ್ಳಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಇನ್ನೊಂದು ಭದ್ರಾ ಮೇಲ್ದಂಡೆ. ತುಂಗೆಯಿಂದ 17.40, ಭದ್ರೆಯಿಂದ 12.50, ಒಟ್ಟು 29.90 ಟಿಎಂಸಿ ಎತ್ತಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು ಎಂಬುದು ಅದರ ಗುರಿ. ಅದರಲ್ಲಿ 2 ಟಿಎಂಸಿ ವಾಣಿವಿಲಾಸ ಸಾಗರದ ಪಾಲು. 2019ರಲ್ಲೇ ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ ಬರತೊಡಗಿತು. 2023–24ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ಘೋಷಿಸಿದರು. ಆಮೇಲಿನ ವರ್ಷಗಳಲ್ಲಿ ಆ ಹಣದ ಸುತ್ತ ನಡೆದ ಹಗ್ಗಜಗ್ಗಾಟವೇ ಬೇರೆ ಕಥೆ, ಚಳ್ಳಕೆರೆಯ ಕೆರೆಗಳಿಗೆ ಕಾಲುವೆ ಮುಟ್ಟುವುದು ಅದಕ್ಕೆ ಜೋತುಬಿದ್ದಿದೆ.

ನಾಲ್ಕನೆಯ ಆಕ್ಷೇಪಣೆಗೆ ಇಲ್ಲಿ ಹೆಚ್ಚು ಬಲ: ಇಷ್ಟೆಲ್ಲ ಬರುತ್ತಿರುವಾಗ ಕೆರೆ, ಬೋರು, ಪಾಲು ಎಂಬ ಚಿಂತೆ ಹಳೆಕಾಲದ್ದಲ್ಲವೆ? ಉತ್ತರ ತುಂಗಭದ್ರೆಯಲ್ಲೇ ಇದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗಿನ ಸಾಮರ್ಥ್ಯ 105 ಟಿಎಂಸಿ ಚಿಲ್ಲರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಗಿ, ತುಂಬಿದ ಜಲಾಶಯದ ನೀರು ನದಿಗೆ ಹರಿಯಿತು. ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸುವ ಹೊತ್ತಿಗೆ ವಾರ ಕಳೆಯಿತು. ಗೇಟುಗಳು ದುರ್ಬಲವೆಂದು 2025ರಲ್ಲಿ 80 ಟಿಎಂಸಿಗೆ ಮಿತಿ ಹಾಕಿ ನಿಲ್ಲಿಸಿದರು. ಕುಡಿಯುವ ನೀರು ಎತ್ತುವ ಜ್ಯಾಕ್‌ವೆಲ್‌ಗೆ 80 ಟಿಎಂಸಿ ಧಾರಾಳ. ಆದರೆ ಬೇಸಿಗೆಯ ಕೊನೆಗೆ ಜಲಾಶಯ ಕೆಲವೇ ಟಿಎಂಸಿಗೆ ಇಳಿದಾಗ ನೀರು ಯಾರದ್ದು ಎಂಬ ಪ್ರಶ್ನೆಗೆ ಆಂಧ್ರ, ತೆಲಂಗಾಣ, ರಾಯಚೂರು, ಬಳ್ಳಾರಿ ಎಲ್ಲರ ಉತ್ತರವೂ ಬೇರೆ ಬೇರೆ. ನೂರಾರು ಕಿ.ಮೀ. ಕೊಳವೆಯ ತುದಿಯಲ್ಲಿರುವ ಊರಿಗೆ ಕರೆಂಟ್ ಹೋದ ದಿನವೂ ಬರಗಾಲ, ದಾರಿಯಲ್ಲಿ ಪೈಪ್ ಒಡೆದ ದಿನವೂ ಬರಗಾಲ. ಚಳ್ಳಕೆರೆಯ ಸಂಪುಗಳು ಅದನ್ನು ಬಲ್ಲವು: ನೀರು ಬರುವ ಸರದಿ ವಾರಕ್ಕೆ ಜಾರಿದರೆ ಸಂಪು ಇದ್ದ ಮನೆ ಸುಧಾರಿಸಿಕೊಳ್ಳುತ್ತದೆ, ನಲ್ಲಿಯ ಒತ್ತಡ ಸಾಲದೆ ರಸ್ತೆ ಅಂಚಿಗೆ ಗುಂಡಿ ತೋಡಿ, ಅದರಲ್ಲಿ ಕೊಡ ಇಳಿಸಿ ಹಿಡಿಯುವ ಮನೆಗೆ ಸುಧಾರಣೆ ಇಲ್ಲ. ಆ ಗುಂಡಿಗಳಿಂದಲೇ ಚರಂಡಿ ನೀರು ಕೊಳವೆಗೆ ನುಗ್ಗುವುದು. 2023ರ ಜುಲೈ–ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಜಿಲ್ಲೆಯ ಮರೆಯಲಾಗದ ಘಟನೆ. ನದಿ ಎಷ್ಟು ಶುದ್ಧವಾಗಿ ಬಂದರೂ ಕೊನೆಯ ಕಿಲೋಮೀಟರ್ ಊರಿನದ್ದೇ.

ಪೈಪ್ ಯಾರಿಗಾಗಿ ಬರುತ್ತದೆ ಎಂಬುದಕ್ಕೆ ಈ ತಾಲ್ಲೂಕಿನಲ್ಲೇ ಇನ್ನೊಂದು ನಿದರ್ಶನವಿದೆ. ಕುದಾಪುರ ಮತ್ತು ಉಳ್ಳಾರ್ತಿ ಕಾವಲಿನ ಅಮೃತಮಹಲ್ ಹುಲ್ಲುಗಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತಿತರ ಸಂಸ್ಥೆಗಳಿಗೆ ಕೊಟ್ಟಾಗ ಸುತ್ತಲ ಹಳ್ಳಿಗಳು ಮೇವು, ನೀರಿನ ಹಕ್ಕಿಗಾಗಿ ಹೋರಾಡಿದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಬೇಲಿ ಬಿದ್ದ ಮೇಲೆ ಒಳಗಿನ ಗೋಕಟ್ಟೆಗಳಿಗೆ ಕುರಿ ಹಿಂಡು ಹೋಗುವ ದಾರಿ ಮುಚ್ಚಿತು. ಇನ್ನೊಂದು ಕಡೆ ಆ ಸಂಸ್ಥೆಗಳಿಗಾಗಿಯೇ ವಾಣಿವಿಲಾಸ ಸಾಗರದಿಂದ ಕೊಳವೆ ಬಂತು, ಮಾರ್ಗದ ಹಳ್ಳಿಗಳಿಗೂ ಅದರಲ್ಲಿ ಪಾಲು ಇಟ್ಟರು. ಹಳ್ಳಿಗರಿಗೆ ಇದರಿಂದ ಲಾಭವಾಗಿಲ್ಲ ಎನ್ನುವುದು ಅನ್ಯಾಯದ ಮಾತು. ಆದರೆ ಈ ಪ್ರಕರಣ ಒಂದನ್ನು ಎತ್ತಿ ತೋರಿಸುತ್ತದೆ. ಎಷ್ಟು ನೀರು ಬೇಕು ಎಂದು ಬರೆದು, ಅದನ್ನು ಜಲಾಶಯದ ಲೆಕ್ಕದಲ್ಲಿ ಕಾದಿರಿಸಿ, ಹಣ ಕಟ್ಟಿ, ಕೊಳವೆ ಹಾಕಿಸಿಕೊಂಡವರಿಗೆ ನೀರು ಬಂತು. ನಗರಸಭೆಗೂ ಪಂಚಾಯಿತಿಗೂ ಅದೇ ಕ್ರಮ ಅನ್ವಯಿಸಲು ತಾಂತ್ರಿಕ ಅಡ್ಡಿಯಿಲ್ಲ, ವಾರ್ಷಿಕ 0.35 ಟಿಎಂಸಿಯನ್ನು ಜಲಾಶಯದ ಕೆಳಮಟ್ಟದಲ್ಲಿ ಕಾದಿಡುವ ಒಂದು ಆದೇಶ ಸಾಕು.

ಉಳಿದದ್ದು ಸಂಬಾಳಿಕೆಯ ಪ್ರಶ್ನೆ. ನದಿ ನೀರು ಬಂದ ಕೂಡಲೆ ಊರ ಬೋರುಗಳ ಮೋಟಾರ್ ಬಿಚ್ಚಿ ಬೇರೆ ಕಡೆ ಹಾಕುವುದು, ಸಿಸ್ಟನ್‌ಗಳನ್ನು ಒಡೆದು ಅಂಗಡಿ ಕಟ್ಟುವುದು, ಕೆರೆ ಅಂಗಳದಲ್ಲಿ ಬಸ್ ನಿಲ್ದಾಣ, ಬಡಾವಣೆ ಮಾಡುವುದು ಬಯಲುಸೀಮೆಯ ಊರುಗಳಲ್ಲಿ ನಡೆದುಕೊಂಡು ಬಂದ ರೂಢಿ. ಹಳೆ ಮೂಲವನ್ನು ಚಾಲ್ತಿಯಲ್ಲಿಡಲು ವರ್ಷಕ್ಕೊಮ್ಮೆ ಮೋಟಾರ್ ತಿರುಗಿಸಿ ನೋಡುವುದು, ನೀರು ಪರೀಕ್ಷೆ ಮಾಡಿಸುವುದು, ಫ್ಲೋರೈಡ್ ಹೆಚ್ಚಿದ್ದರೆ ಬಳಕೆಗೆ ಮಾತ್ರ ಎಂದು ಬಣ್ಣ ಬಳಿದು ಗುರುತಿಸುವುದು ಆದರೆ ಸಾಕು. ಹೂಳು ಎತ್ತುವ ಯೋಜನೆಗಳು ಬರುವುದು ಬರಗಾಲದಲ್ಲಿ, ನಿಲ್ಲುವುದು ಮಳೆ ಬಿದ್ದಾಗ. ಕೆರೆ ತುಂಬಿಸುವ ಯೋಜನೆಯ ನೀರು ಜಾಲಿ ಬೆಳೆದ ಅಂಗಳಕ್ಕೆ ಬಂದರೆ ಹಿಡಿಯುವುದು ಸಾಮರ್ಥ್ಯದ ಅರೆಪಾಲೋ ಕಾಲುಪಾಲೋ. ಕೆಳಗಿನ ಬೋರುಗಳು ಅದನ್ನೂ ಹಂಗಾಮು ಮುಗಿಯುವುದರೊಳಗೆ ಎತ್ತಿ ಮುಗಿಸುತ್ತವೆ. ನೀರಿನ ಕರ ವಸೂಲಿ ಪಟ್ಟಣಗಳಲ್ಲಿ ಮೊದಲಿನಿಂದಲೂ ಮಂದ. ಬಹುಗ್ರಾಮ ಯೋಜನೆಯ ಪಂಪುಗಳು ದಿನವಿಡೀ ಓಡಬೇಕಾದಾಗ ವಿದ್ಯುತ್ ಬಿಲ್ ಯಾರ ಖಾತೆಗೆ ಎಂಬುದು ಗ್ರಾಮ ಪಂಚಾಯಿತಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ಗುತ್ತಿಗೆದಾರರ ನಡುವೆ ತೂಗಾಡುವ ವಿಷಯ. ಗುತ್ತಿಗೆಯ ನಿರ್ವಹಣಾ ಅವಧಿ ಮುಗಿದ ಮೇಲೆ ವಾಲ್ವ್ ತಿರುಗಿಸುವ ನೀರಗಂಟಿಯ ಸಂಬಳ, ಒಡೆದ ಪೈಪಿಗೆ ಜೋಡಣೆ, ಕ್ಲೋರಿನ್‌ನ ಖರ್ಚು ಇವೆಲ್ಲ ಪಂಚಾಯಿತಿಯ ಸ್ವಂತ ಆದಾಯಕ್ಕೆ ಬಂದು ಬೀಳುತ್ತವೆ. ಮಳೆಯನ್ನೇ ನೆಚ್ಚಿದ ಈ ತಾಲ್ಲೂಕುಗಳ ಪಂಚಾಯಿತಿಗಳಲ್ಲಿ ಆ ಆದಾಯ ರಾಜ್ಯದ ಬೇರೆಡೆಗಿಂತ ಕಡಿಮೆಯೇ ಇರುವುದರಿಂದ, ನಿರ್ವಹಣೆಯ ಅನುದಾನವನ್ನು ಜನಸಂಖ್ಯೆಯ ಜತೆಗೆ ಕೊಳವೆಯ ಉದ್ದವನ್ನೂ ನೋಡಿ ಹಂಚಬೇಕು ಎಂಬ ಬೇಡಿಕೆಗೆ ಇಲ್ಲಿ ಬೇರೆ ಕಡೆಗಿಂತ ಹೆಚ್ಚಿನ ನ್ಯಾಯವಿದೆ.